ರೂಪವೊಂದೇ ಸಾಲದು

ಮೋಟಾರು ಕಾರಿನ ‘ಶಾಕ್ ಅಬ್ಸಾರ್ಬರ್’ ಎಂಬ ಭಾಗಕ್ಕೆ ಆ ಹೆಸರು ಅಷ್ಟಾಗಿ ಒಪ್ಪುವುದಿಲ್ಲ. ರಸ್ತೆಯ ಹಳ್ಳದಿಂದ ಬರುವ ಆಘಾತವನ್ನು ಮೊದಲು ಎದುರಿಸುವುವು ಟೈರು ಮತ್ತು ಸ್ಪ್ರಿಂಗು. ಆದರೆ ಸ್ಪ್ರಿಂಗಿಗೆ ಒಂದು ದುರ್ಗುಣವುಂಟು. ಪಡೆದ ಶಕ್ತಿಯನ್ನು ಅದು ತನ್ನಲ್ಲಿ ಉಳಿಸಿಕೊಳ್ಳದೆ ಹಿಂದಿರುಗಿಸುತ್ತದೆ. ಒಂದು ಚಕ್ರದ ಪಾಲಿಗೆ ಬಂದ 200 ಕಿಲೋಗ್ರಾಂ ಭಾರವು 5 ಸೆಂಟಿಮೀಟರಿನಷ್ಟು ಕೆಳಗಿಳಿಯಿತೆನ್ನೋಣ. ಶಾಲೆಯಲ್ಲಿ ಕಲಿತ ಸೂತ್ರದಂತೆ ಲೆಕ್ಕ ಹಾಕಿದರೆ ಅದು ಬಿಟ್ಟುಕೊಡುವ ಶಕ್ತಿ ಸುಮಾರು 98 ಜೂಲ್. ಈ ಶಕ್ತಿಗೆ ಬೇರೆ ದಾರಿ ತೋರಿಸದಿದ್ದರೆ ಕಾರು ತೊಟ್ಟಿಲಿನಂತೆ ತೂಗುತ್ತಲೇ ಇರುವುದು. ಚಕ್ರವು ನೆಲದ ಮೇಲಣ ಹಿಡಿತವನ್ನು ಕಳೆದುಕೊಳ್ಳುವುದು. ಆ ಶಕ್ತಿಯನ್ನು ಉಷ್ಣವನ್ನಾಗಿ ಮಾರ್ಪಡಿಸಿ ಗಾಳಿಗೆ ಬಿಟ್ಟುಕೊಡುವುದೇ ಈ ಉಪಕರಣದ ಕೆಲಸ. ಆದುದರಿಂದ ನಾವು ಇದನ್ನು ‘ಕಂಪನಶಾಮಕ’ವೆಂದು ಕರೆಯುತ್ತೇವೆ.

ಹಳೆಯ ಕಾರುಗಳನ್ನು ಜತನದಿಂದ ಕಾಪಾಡುವವರು, ಈ ಭಾಗವು ಸವೆದಾಗ, ಮೂಲದಂತೆಯೇ ಇರುವ ಬದಲಿ ಭಾಗಕ್ಕಾಗಿ ಊರೂರುಗಳಲ್ಲಿ ವಿಚಾರಿಸುತ್ತಾರೆ. ಮೂಲದಂತೆ ಎಂದರೇನು? ಕಣ್ಣಿಗೆ ಹಾಗೆ ಕಂಡರೆ ಸಾಕೇ? ಸಾಲದೆಂಬುದು ನಮ್ಮ ಮತ. ಅದು ಮೂಲದಂತೆ ಕೆಲಸ ಮಾಡಬೇಕು. ಮಾಡುತ್ತದೆಂಬುದನ್ನು ಪರೀಕ್ಷಿಸಿದ ಬಳಿಕವೇ ಅದನ್ನು ಕಾರಿಗೆ ಜೋಡಿಸಬೇಕು. ಇದಕ್ಕೆ ಬಹುಮಟ್ಟಿಗೆ ಉತ್ತಮವಾದ ದಾರಿಯೆಂದರೆ ಹಳೆಯದನ್ನೇ ಕ್ರಮವಾಗಿ ದುರಸ್ತಿ ಮಾಡಿಸುವುದು.

ಬ್ರಿಟನ್ನಿನ ಮಾರಿಸ್ ಮೈನರ್ ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲೆಕ್ ಇಸಿಗೋನಿಸ್ ಎಂಬ ಪ್ರತಿಭಾವಂತ ಎಂಜಿನಿಯರು ರೂಪಿಸಿದ ಈ ಪುಟ್ಟ ಕಾರು 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. 1970ರ ದಶಕದ ಆರಂಭದವರೆಗೆ 16 ಲಕ್ಷಕ್ಕೂ ಮಿಕ್ಕಿ ಕಾರುಗಳು ತಯಾರಾದವು. ನಮ್ಮ ದೇಶದಲ್ಲಿಯೂ ಇದರ ಆರಂಭದ ಮಾದರಿಯು ‘ಬೇಬಿ ಹಿಂದೂಸ್ಥಾನ್’ ಎಂಬ ಹೆಸರಿನಿಂದ ಓಡಾಡಿತು. ಇಂದಿಗೂ ಇವುಗಳಲ್ಲಿ ಸಾವಿರಾರು ಕಾರುಗಳು ರಸ್ತೆಯ ಮೇಲಿವೆ.

ಇದರ ಕಂಪನಶಾಮಕವು ಇಂದಿನ ಕಾರುಗಳಲ್ಲಿರುವ ಉದ್ದನೆಯ ಕೊಳವೆಯಂಥದಲ್ಲ. ಎರಕದ ಲೋಹದ ಒಂದು ಒಡಲು. ಅದರೊಳಗೆ ಎಣ್ಣೆ ತುಂಬಿದ ಎರಡು ಸಿಲಿಂಡರುಗಳು. ಒಂದು ಪಿಸ್ಟನ್ನು ಮುಂದೆ ಸರಿದಾಗ ಇನ್ನೊಂದು ಹಿಂದೆ ಸರಿಯುವ ಏರ್ಪಾಡು. ಒಡಲಿನಿಂದ ಹೊರಚಾಚಿದ ಉಕ್ಕಿನ ತೋಳು ಚಕ್ರದೊಡನೆ ಮೇಲಕ್ಕೂ ಕೆಳಕ್ಕೂ ಆಡುತ್ತ ಒಳಗಿನ ಅಚ್ಚನ್ನು ತಿರುಗಿಸುತ್ತದೆ. ಎಣ್ಣೆಯು ಸಣ್ಣ ಕವಾಟದ ಮೂಲಕ ನುಸುಳುವಾಗ ಚಲನೆಗೆ ತಡೆಯುಂಟಾಗುತ್ತದೆ. ಚಕ್ರದ ಚಲನೆಗೆ ಹೋಲಿಸಿದರೆ ಪಿಸ್ಟನ್ನಿನ ಚಲನೆ ಅತ್ಯಲ್ಪ. ದೂರ ಕಡಮೆಯಾದಂತೆ ಬಲ ಹೆಚ್ಚಬೇಕೆಂಬುದು ಸನ್ನೆಯ ನಿಯಮವಷ್ಟೆ. ಆದ್ದರಿಂದ ಒಳಗಿನ ಎಣ್ಣೆಯ ಒತ್ತಡ ಬಹಳ. ಎಣ್ಣೆ ಕೊಂಚ ಸೋರಿದರೂ ಗುಣ ಕೆಡುತ್ತದೆ.

ಮುಖ್ಯ ಸಂಗತಿ ಇನ್ನೊಂದಿದೆ. ಮೈನರ್ ಕಾರಿನ ಮುಂಭಾಗದಲ್ಲಿ ಈ ತೋಳೇ ಚಕ್ರವನ್ನು ಹಿಡಿದಿಡುವ ಮೇಲಿನ ಕೊಂಡಿಯೂ ಹೌದು. 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಕಾರಿನಲ್ಲಿಯೂ ಹೀಗೆಯೇ. ಅಚ್ಚು ಸವೆದು ಅಲುಗಾಡಿದರೆ ಕಾರು ಕುಲುಕುವುದಷ್ಟೇ ಅಲ್ಲ, ಚಕ್ರದ ನಿಲುವೇ ತಪ್ಪುತ್ತದೆ. ತಿರುವಿನಲ್ಲಿ, ಮಳೆಯಲ್ಲಿ ಇದರ ಫಲವೇನಾದೀತೆಂಬುದನ್ನು ವಿವರಿಸಬೇಕಾಗಿಲ್ಲ.

‘ಈ ಹಳೆಯ ಗೊಡವೆ ಏಕೆ? ಆಧುನಿಕ ಕೊಳವೆಯನ್ನೇ ಜೋಡಿಸಬಾರದೇ?’ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಕೊಳವೆಯ ಪಿಸ್ಟನ್ನು ಹೆಚ್ಚು ದೂರ ಚಲಿಸುವುದರಿಂದ ಎಣ್ಣೆಯ ಮೇಲಣ ಒತ್ತಡ ಕಡಮೆ. ಉಷ್ಣವೂ ಸುಲಭವಾಗಿ ಹೊರಹೋಗುತ್ತದೆ. ದಿನವೂ ಕೆಟ್ಟ ರಸ್ತೆಯಲ್ಲಿ ಓಡಿಸುವವರಿಗೆ ಅದು ಮೇಲೆಂದು ನಾವೂ ಒಪ್ಪುತ್ತೇವೆ. ಆದರೆ ಮೈನರಿನ ಮುಂಭಾಗಕ್ಕೆ ಕೊಳವೆಯನ್ನು ಜೋಡಿಸುವ ಹಲವು ಏರ್ಪಾಡುಗಳಲ್ಲಿ ಹಳೆಯ ಒಡಲು ಮತ್ತು ತೋಳು ಕೊಂಡಿಯಾಗಿ ಅಲ್ಲಿಯೇ ಉಳಿಯುತ್ತವೆ. ಸವೆದ ಅಚ್ಚು ಸವೆದೇ ಇರುತ್ತದೆ! ಕೊಳವೆಯ ಬಲವು ಕಾರಿನಲ್ಲಿ ಹಿಂದೆ ಬೀಳದಿದ್ದ ಜಾಗದ ಮೇಲೆ ಬೀಳತೊಡಗುತ್ತದೆ. ಹೀಗೆ ದುರಸ್ತಿಯನ್ನು ತಪ್ಪಿಸಿಕೊಳ್ಳಲು ಹೋದವನಿಗೆ ದುರಸ್ತಿಯೂ ತಪ್ಪದು, ಹೊಸದೊಂದು ಚಿಂತೆಯೂ ಸೇರುವುದು.

ಹಾಗಾದರೆ ಮೂಲರೂಪದ ಭಾಗ ದೊರೆಯುವುದೆಲ್ಲಿ? ಬ್ರಿಟನ್ನಿನಲ್ಲಿ ಹೆಚ್ಚಾಗಿ ವಿನಿಮಯ ಪದ್ಧತಿ ರೂಢಿಯಲ್ಲಿದೆ. ಸವೆದುದನ್ನು ಕೊಟ್ಟು ದುರಸ್ತಿಯಾದುದನ್ನು ತರುವುದು. ಪದ್ಧತಿ ಒಳ್ಳೆಯದು, ಆದರೆ ‘ದುರಸ್ತಿ’ ಎಂಬ ಮಾತಿನ ಅರ್ಥ ಎಲ್ಲರಲ್ಲಿಯೂ ಒಂದೇ ಅಲ್ಲ. ನಮ್ಮ ಸ್ನೇಹಿತರೊಬ್ಬರು ಹೀಗೆ ತರಿಸಿದ ಒಂದು ಭಾಗವನ್ನು ನಾವು ನೋಡಿದೆವು. ಕಪ್ಪು ಬಣ್ಣ ಥಳಥಳಿಸುತ್ತಿತ್ತು. ತೋಳನ್ನು ಆಡಿಸಿದರೆ ಮೊದಲ ಸ್ವಲ್ಪ ದೂರ ತಡೆಯೇ ಇಲ್ಲ. ಗಾಳಿ ಸೇರಿರಬಹುದೆಂದು ಎಣ್ಣೆ ತುಂಬಿ ಮತ್ತೆ ಮತ್ತೆ ಆಡಿಸಿದೆವು; ತಡೆ ಬಂದಿತು. ಆದರೆ ತೋಳನ್ನು ಪಕ್ಕಕ್ಕೆ ಅಲುಗಿಸಿದಾಗ ಅಚ್ಚೂ ಅಲುಗಿತು. ಬಣ್ಣದ ಕೆಳಗೆ ಹಳೆಯ ಸವೆತ ಹಾಗೆಯೇ ಕುಳಿತಿತ್ತು.

ಈ ಪರೀಕ್ಷೆ ಯಾರಾದರೂ ಮಾಡಬಹುದಾದದ್ದು. ಒಡಲನ್ನು ವೈಸಿನಲ್ಲಿ ನೆಟ್ಟಗೆ ಹಿಡಿಸಿ, ತೋಳನ್ನು ಕೊನೆಯಿಂದ ಕೊನೆಗೆ ನಿಧಾನವಾಗಿ ಆಡಿಸಬೇಕು. ನಡುವೆ ಎಲ್ಲಿಯೂ ಬರಿದಾದ ಚಲನೆ ಇರಬಾರದು. ಪಕ್ಕಕ್ಕೆ ಅಲುಗಾಟ ಇರಬಾರದು. ಅಚ್ಚು ಹೊರಬರುವ ಕಡೆ ಎಣ್ಣೆಯ ಜಿನುಗು ಕಾಣಬಾರದು. ಎಣ್ಣೆ ತುಂಬುವ ಮೊದಲು ಬಿರಡೆಯ ಸುತ್ತಲಿನ ಧೂಳನ್ನು ಒರೆಸಬೇಕು. ಕೈಪಿಡಿ ಹೇಳಿದ ಎಣ್ಣೆಯನ್ನಲ್ಲದೆ ಕೈಗೆ ಸಿಕ್ಕಿದುದನ್ನು ಸುರಿಯಬಾರದು. ಮಾರುವವರನ್ನು ಕೇಳಬೇಕಾದ ಪ್ರಶ್ನೆಯೂ ಸರಳ: ಅಚ್ಚನ್ನು ಸಾಣೆ ಹಿಡಿದಿದ್ದೀರಾ, ಅದು ಕೂರುವ ರಂಧ್ರವನ್ನು ಕೊರೆದು ಹೊಸ ಬುಶ್ ಕೂರಿಸಿದ್ದೀರಾ, ಸೀಲನ್ನು ಬದಲಿಸಿದ್ದೀರಾ? ಇದಕ್ಕೆ ನೇರವಾದ ಉತ್ತರ ಬಾರದಿದ್ದರೆ ಆ ಭಾಗವನ್ನು ಕೊಳ್ಳದಿರುವುದೇ ಲೇಸು.

ಹಳೆಯ ಕಾರು ಕೆಲವರ ವಿಲಾಸವೆಂದು ವಿದ್ಯಾರ್ಥಿಗಳು ಭಾವಿಸಬಾರದು. ಹೊಸ ಭಾಗವನ್ನು ಪೆಟ್ಟಿಗೆಯಿಂದ ತೆಗೆದು ಜೋಡಿಸಲು ಬಲ್ಲವರು ಬೇಕಾದಷ್ಟು ಜನರಿದ್ದಾರೆ. ಅಚ್ಚಿನ ಸವೆತವನ್ನು ಮೈಕ್ರೋಮೀಟರಿನಿಂದ ಅಳೆದು, ಅದಕ್ಕೆ ತಕ್ಕ ಬುಶ್ಶನ್ನು ಲೇತಿನಲ್ಲಿ ಕಡೆದು ಕೂರಿಸಬಲ್ಲವರು ಕಡಮೆಯಾಗುತ್ತಿದ್ದಾರೆ. ನಮ್ಮ ಪಾಲಿಟೆಕ್ನಿಕ್ಕುಗಳ ಕಾರ್ಯಾಗಾರಗಳಲ್ಲಿ ಇಂಥ ಹಳೆಯ ಭಾಗವೊಂದನ್ನು ಬಿಚ್ಚಿ, ಅಳೆದು, ಮತ್ತೆ ಜೋಡಿಸುವ ಅಭ್ಯಾಸವಿರಬೇಕೆಂದು ನಾವು ಆಗ್ರಹಪಡಿಸುತ್ತೇವೆ. ಸನ್ನೆ, ದ್ರವದ ಒತ್ತಡ, ಶಕ್ತಿಯ ರೂಪಾಂತರ—ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಾಗಿರುವ ಈ ಮೂರೂ ಅಂಗೈಯಗಲದ ಆ ಒಡಲಿನಲ್ಲಿ ಒಟ್ಟಿಗೆ ಕೆಲಸ ಮಾಡುತ್ತಿವೆ. ಬಿಚ್ಚಿ ನೋಡಿದ ವಿದ್ಯಾರ್ಥಿ ಅವನ್ನು ಮರೆಯಲಾರ. ಮುಂದೆ ಬಣ್ಣವನ್ನು ಕಂಡು ಮೋಸಹೋಗಲೂ ಲಾರ.