ಮೆಮೊರಿಯ ಮಿತವ್ಯಯವೂ ಕನ್ನಡ ಲಿಪಿಯೂ

ಗಣಕಯಂತ್ರದ ಮೆಮೊರಿ ಮನೆಯ ಕಣಜವಿದ್ದಂತೆ. ಅದಕ್ಕೂ ಒಂದು ಮಿತಿಯುಂಟು. ಅದನ್ನು ಅಳೆಯುವ ಸೇರು ‘ಬೈಟ್’. ಇಂದು ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಅಕ್ಷರಕ್ಕೂ ಕಾಗುಣಿತದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ‘ಕಾಸರಗೋಡು’ ಎಂದು ನಮ್ಮ ಲಿಪಿಯಲ್ಲಿ ಬರೆದರೆ 24 ಬೈಟ್, ಇಂಗ್ಲಿಷಿನಲ್ಲಿ ಬರೆದರೆ 9. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಾದರೆ 160 ಅಕ್ಷರ, ಕನ್ನಡವಾದರೆ ಚಿಹ್ನೆಗಳೂ ಸೇರಿ 70 ಮಾತ್ರ.

ಹಾಗೆಂದು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ಮಿತವ್ಯಯವೇ? ಅಲ್ಲವೆಂದೇ ನಮ್ಮ ಅಭಿಪ್ರಾಯ. ಅಕ್ಷರ, ಚಿಹ್ನೆ ಸೇರಿ 2,000 ಇರುವ ಒಂದು ಕನ್ನಡ ಪುಟಕ್ಕೆ 6,000 ಬೈಟ್ ಸಾಕು. ಮೊಬೈಲಿನಲ್ಲಿ ತೆಗೆದ 30 ಲಕ್ಷ ಬೈಟಿನ ಒಂದೇ ಚಿತ್ರದ ಜಾಗದಲ್ಲಿ ಅಂಥ 500 ಪುಟಗಳು ಹಿಡಿಯುತ್ತವೆ! ಕಣಜವನ್ನು ತುಂಬುವುದು ಅಕ್ಷರಗಳಲ್ಲ. ಒಂದೇ ಚಿತ್ರದ ಹತ್ತು ಪ್ರತಿಗಳು, ನೋಡಿ ಮರೆತ ವೀಡಿಯೋಗಳು. ಅಳಿಸಬೇಕಾದುದು ಅವನ್ನು.

1956ರಲ್ಲಿ ಕೇರಳಕ್ಕೆ ಸೇರಿದ ಈ ಗಡಿನಾಡಿನಲ್ಲಿ ಮಕ್ಕಳು ಮಲಯಾಳವನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಯಲಿ. ಆದರೆ ಕನ್ನಡ ಲಿಪಿಯ ರೂಢಿ ಒಮ್ಮೆ ತಪ್ಪಿದರೆ ಅದನ್ನು ಯಾವ ಯಂತ್ರವೂ ಮರಳಿ ಕೊಡಲಾರದು. ವಿದ್ಯಾರ್ಥಿಗಳೇ, ಪೋಷಕರೇ, ಮನೆಯ ಸಂದೇಶಗಳನ್ನಾದರೂ ಇಂದಿನಿಂದ ಕನ್ನಡ ಲಿಪಿಯಲ್ಲೇ ಬರೆಯೋಣ.