ಅಡುಗೆಮನೆಯಲ್ಲಿ ಒತ್ತಕ್ಷರ

ಕಳೆದ ತಿಂಗಳು ಕಾಗವಾಡದ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಎರಡನೆಯ ಇಯತ್ತೆಯಲ್ಲಿರುವ ಆ ಮನೆಯ ಬಾಲಕಿ ನಮ್ಮೆದುರು ಪುಸ್ತಕ ತೆರೆದು, 'ಅಕ್ಕಿ' ಎಂಬುದನ್ನು 'ಅಕಿಕ' ಎಂದು ಓದಿದಳು. ತಾಯಿ ನಾಚಿ ಗದರಿದರು. "ಗದರಬೇಡಿ ತಾಯಿ, ಮಗು ಕಂಡದ್ದನ್ನು ಕಂಡಂತೆ ಓದಿದೆ" ಎಂದೆವು.

ವಿಚಾರಿಸಿ ನೋಡಿದರೆ ಮಾತು ನಿಜ. ನಮ್ಮ ಲಿಪಿಯಲ್ಲಿ ಇಕಾರದ ಗುಡಿಸು ಮೇಲಿನ ಕಕಾರಕ್ಕೆ ಹತ್ತುತ್ತದೆ. ನಾಲಗೆ ಮಾತ್ರ ಅದನ್ನು ಕೆಳಗಿನ ಒತ್ತಿನ ನಂತರ ನುಡಿಯಬೇಕು. ಗಡಿಯ ಮಕ್ಕಳಿಗಂತೂ ತೊಡಕು ಇಮ್ಮಡಿ. ಮಿರಜಿನ ಪೇಟೆಯಲ್ಲಿ ಅವರು ಕಾಣುವ ನಾಗರಿಯಲ್ಲಿ ಸಾಮಾನ್ಯವಾಗಿ ಮೊದಲಿನ ವ್ಯಂಜನ ಅರ್ಧವಾಗಿ ಪಕ್ಕದಲ್ಲಿ ನಿಲ್ಲುತ್ತದೆ. ಕನ್ನಡದಲ್ಲಿ ಎರಡನೆಯದು ಕೆಳಗಿಳಿಯುತ್ತದೆ. ಮೇಲಾಗಿ ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲರೂಪವನ್ನು ಹೋಲುವುದೇ ಇಲ್ಲ. ಇಲ್ಲಿ ಸೋತ ಮಗು ಪುಸ್ತಕ ಮುಚ್ಚಿಬಿಡುತ್ತದೆ. ಮನೆಯಲ್ಲಿ ಕನ್ನಡವನ್ನೇ ಆಡುತ್ತ, ಮುತ್ಯಾನ ಕೈಬರಹವನ್ನು ಓದಲಾರದೆ ಬೆಳೆಯುತ್ತದೆ.

ನಾವು ಮಠದಲ್ಲಿ ಮರಳ ಮೇಲೆ ತಿದ್ದಿದವರು. ತಪ್ಪಿದರೆ ಬೆತ್ತ. ಅಕ್ಷರ ಬಂದಿತು, ಒಪ್ಪುತ್ತೇವೆ; ಆದರೆ ಒತ್ತಕ್ಷರ ಕಂಡೊಡನೆ ಅಂಗೈ ಬಿಗಿಯುವ ಅಭ್ಯಾಸವೂ ಬಹುಕಾಲ ಉಳಿಯಿತು.

ಬೆತ್ತದ ಅಗತ್ಯವೇ ಇಲ್ಲ. ಒತ್ತಕ್ಷರಗಳ ಭಂಡಾರ ನಿಮ್ಮ ಮನೆಯಲ್ಲಿಯೇ ಇದೆ. ಮೊದಲು ಅಪ್ಪ, ಅವ್ವ, ಅಕ್ಕ, ಅಣ್ಣ, ತಮ್ಮ. ಇವುಗಳಲ್ಲಿ ಗುಡಿಸು, ಕೊಂಬುಗಳ ಗೊಡವೆಯಿಲ್ಲ. ಇವು ಕೈವಶವಾದ ಮೇಲೆ ಅಡುಗೆಮನೆಗೆ ಬನ್ನಿರಿ: ಉಪ್ಪು, ಹಿಟ್ಟು, ಬೆಲ್ಲ, ಎಣ್ಣೆ. ಡಬ್ಬಿಗಳಿಗೆ ಮಕ್ಕಳ ಕೈಯಿಂದಲೇ ಚೀಟಿ ಬರೆಯಿಸಿ ಅಂಟಿಸಿರಿ. ಮರುದಿನ ಅವರು ಕಾಣದಂತೆ ಎರಡು ಚೀಟಿಗಳನ್ನು ಅದಲುಬದಲು ಮಾಡಿರಿ; ಉಪ್ಪಿನ ಡಬ್ಬಿಯಲ್ಲಿ ಅಡಗಿದ 'ಬೆಲ್ಲ'ವನ್ನು ಹಿಡಿಯುವ ಕೆಲಸ ಅವರದು.

ಪ್ರಯಾಣದಲ್ಲಿಯೂ ಆಟವುಂಟು. ಉಗಾರ ಖುರ್ದ ರೇಲ್ವೆ ನಿಲ್ದಾಣದ ಫಲಕದಲ್ಲಿ ಕನ್ನಡ, ನಾಗರಿ, ಆಂಗ್ಲ ಮೂರೂ ಲಿಪಿಗಳಿವೆ. 'ಖುರ್ದ'ದ ರಕಾರ ಯಾವ ಲಿಪಿಯಲ್ಲಿ ಎಲ್ಲಿ ಕುಳಿತಿದೆ ಎಂದು, ಗಾಡಿ ಹೊರಡುವುದರೊಳಗೆ ಹುಡುಕಿಸಿರಿ.

ಆ ದಿನ ನಾವು ಪರಾತದಲ್ಲಿ ಜೋಳದ ಹಿಟ್ಟು ಹರವಿಸಿದೆವು. (ಹಿಟ್ಟು ಹಾಳಾಗದು, ಮಗು ಕೈ ತೊಳೆದಿದ್ದರೆ ಅದರಲ್ಲಿಯೇ ರೊಟ್ಟಿ ಬಡಿಯಬಹುದು.) 'ಬಳಿ' ಎಂದು ಬರೆದು ಒತ್ತು ಕೊಡಿಸಿದೆವು, 'ಬಳ್ಳಿ'ಯಾಯಿತು. 'ಮೊನೆ'ಯು 'ಮೊನ್ನೆ'ಯಾಯಿತು. ಕೊನೆಗೆ 'ಮುತ್ಯಾನ ಕತೆ' ಎಂದು ಬರೆದೆವು. ಬಾಲಕಿ ತಕಾರದ ಕೆಳಗೆ ಒತ್ತನ್ನು ಎಳೆದು, ತುಟಿಯಲ್ಲಿಯೇ ಕೂಡಿಸಿ ಓದಿಕೊಂಡು, ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. 'ಮುತ್ಯಾನ ಕತ್ತೆ' ಎಂದು ಗಟ್ಟಿಯಾಗಿ ಓದಿದವರು ಮುತ್ಯಾ ತಾವೇ.