ಬೈಸಿಕಲ್ಲಿನ ಪಾಲಿನ ಹಾದಿ

2025ರ ಸೆಪ್ಟೆಂಬರ್ 22ರಂದು ಬೈಸಿಕಲ್ಲಿನ ಮೇಲಣ ಸರಕು ಮತ್ತು ಸೇವಾ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಅಂದು ತೆರಿಗೆ ಇಳಿದ ನೂರಾರು ಪದಾರ್ಥಗಳ ಪಟ್ಟಿಯಲ್ಲಿ ಅದು ಎಲ್ಲೋ ಒಂದು ಮೂಲೆಯಲ್ಲಿ ಕುಳಿತಿತ್ತು. ಕಾರು, ಮೋಟಾರ್ ಸೈಕಲ್ಲುಗಳ ಬೆಲೆ ಎಷ್ಟು ಸಾವಿರ ತಗ್ಗಿತೆಂಬ ಲೆಕ್ಕಾಚಾರದ ಸಂಭ್ರಮದಲ್ಲಿ ಅದರತ್ತ ಕಣ್ಣು ಹಾಯಿಸಿದವರು ವಿರಳ. ಆದರೆ ದಿನವೂ ಸೈಕಲ್ ತುಳಿದು ಕಾಲೇಜಿಗೆ ಹೋಗಿಬರುವ ನನ್ನಂಥವನಿಗೆ ಆ ಒಂದು ಸಾಲು ಹಲವು ಯೋಚನೆಗಳಿಗೆ ಕಾರಣವಾಯಿತು. ವಿದ್ಯುತ್ತಿನಿಂದ ಓಡುವ ಕಾರಿಗೆ 2019ರಿಂದಲೇ ಶೇಕಡಾ 5ರ ದರವಿತ್ತು. ಎಂದರೆ, ಆರು ವರ್ಷಗಳ ಕಾಲ ಲಕ್ಷಗಟ್ಟಲೆ ಬೆಲೆಯ ಕಾರಿಗಿಂತ ಹಾಲು ಹಾಕುವವನ ಸೈಕಲ್ಲಿನ ಮೇಲೆ ಹೆಚ್ಚಿನ ದರದಲ್ಲಿ ತೆರಿಗೆ ಬಿದ್ದಿತ್ತು. ಹೊಗೆ ಉಗುಳದಿರುವುದಕ್ಕಾಗಿ ಕಾರಿಗೆ ರಿಯಾಯಿತಿ ದೊರೆತರೆ, ಹೊಗೆಯನ್ನೂ ಉಗುಳದೆ ವಿದ್ಯುತ್ತನ್ನೂ ಬೇಡದ ವಾಹನಕ್ಕೆ ಅದು ದೊರೆಯಲಿಲ್ಲ. ಈಗ ಇಬ್ಬರೂ ಸಮಾನರಾಗಿದ್ದಾರೆ. ನ್ಯಾಯ ತಡವಾಗಿಯಾದರೂ ಬಂದಿತಲ್ಲ ಎಂದು ಸಮಾಧಾನ ತಾಳಬಹುದು. ಆದರೆ ಜನ ಸೈಕಲ್ಲನ್ನು ಬಿಟ್ಟದ್ದು ಅದರ ಬೆಲೆಗೆ ಅಂಜಿಯೇ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

ಅಂಕಿ ಅಂಶಗಳು ಹಾಗೆ ಹೇಳುವುದಿಲ್ಲ. 2001ರ ಜನಗಣತಿಯಂತೆ ಭಾರತದ ನೂರು ಮನೆಗಳಲ್ಲಿ 43.7ರಲ್ಲಿ ಸೈಕಲ್ ಇತ್ತು, 2011ರಲ್ಲಿ 44.8ರಲ್ಲಿ ಇತ್ತು. ಅದೇ ಹತ್ತು ವರ್ಷಗಳಲ್ಲಿ ಮೋಟಾರ್ ದ್ವಿಚಕ್ರ ವಾಹನವುಳ್ಳ ಮನೆಗಳು ಶೇಕಡಾ 11.7ರಿಂದ 21ಕ್ಕೆ ಏರಿದವು. ಸೈಕಲ್ಲು ಮನೆಯಿಂದ ಹೊರಟುಹೋಗಲಿಲ್ಲ. ಮನೆಯೊಳಗೇ ಅದರ ಸ್ಥಾನ ಬದಲಾಯಿತು. ಹಜಾರದಿಂದ ಹಿತ್ತಿಲಿಗೆ, ಯಜಮಾನನಿಂದ ಹುಡುಗನಿಗೆ ಅದು ಇಳಿದು ಬಂತು. ಆದಾಗ್ಯೂ 2011ರ ಗಣತಿಯಲ್ಲಿ, ಕೃಷಿ ಮತ್ತು ಗೃಹ ಕೈಗಾರಿಕೆಗಳ ಹೊರಗೆ ದುಡಿಯುವ ಸುಮಾರು 20 ಕೋಟಿ ಜನ ಕೆಲಸಕ್ಕೆ ಹೇಗೆ ಹೋಗುತ್ತಾರೆಂದು ಕೇಳಿದಾಗ, ಶೇಕಡಾ 13ರಷ್ಟು ಮಂದಿ ಸೈಕಲ್ಲಿನಲ್ಲಿ ಎಂದರು. ಕಾರಿನಲ್ಲಿ ಹೋಗುವವರು ಶೇಕಡಾ 3ಕ್ಕೂ ಕಡಿಮೆ. ನಮ್ಮ ರಸ್ತೆಗಳನ್ನು ನೋಡಿದವರು ಈ ಲೆಕ್ಕ ತಿರುಗುಮುರುಗಾಗಿದೆಯೆಂದೇ ತಿಳಿದಾರು.

ನಾನಿರುವ ಮೈಸೂರಿನಲ್ಲಿ ಈ ಸೈಕಲ್ ಸವಾರರನ್ನು ಕಾಣಬೇಕಾದರೆ ಹೊತ್ತು ನೋಡಿ ಹೊರಡಬೇಕು. ನಸುಕಿನಲ್ಲಿ ಪತ್ರಿಕೆ ಹಾಕುವ ಹುಡುಗರು, ಹಾಲಿನವರು. ಎಂಟರ ಸುಮಾರಿಗೆ ಸುತ್ತಣ ಹಳ್ಳಿಗಳಿಂದ ಕ್ಯಾರಿಯರಿಗೆ ಬುತ್ತಿ ಕಟ್ಟಿಕೊಂಡು ಬರುವ ಗಾರೆ ಕೆಲಸದವರು, ತೋಟಗಾರರು, ಕಾವಲುಗಾರರು. ಭಾನುವಾರದ ಬೆಳಗಿನಲ್ಲಿ ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಬೇರೆಯೇ ಒಂದು ಲೋಕ: ಶಿರಸ್ತ್ರಾಣ, ಕೈಗವಚ, ಮೈಗಂಟಿದ ಬಣ್ಣದ ಉಡುಪು, ಮೋಟಾರ್ ಸೈಕಲ್ಲಿಗಿಂತ ದುಬಾರಿಯಾದ ಹಗುರ ಸೈಕಲ್ಲುಗಳು. ಮೊದಲ ಗುಂಪಿಗೆ ಸೈಕಲ್ಲು ನಿರ್ವಾಹ, ಎರಡನೆಯದಕ್ಕೆ ಹವ್ಯಾಸ. ಒಬ್ಬನು ಮೈ ಬೆವರಬಾರದೆಂದು ಮೆಲ್ಲನೆ ತುಳಿಯುತ್ತಾನೆ, ಏಕೆಂದರೆ ದಿನದ ಬೆವರು ಇನ್ನೂ ಬಾಕಿಯಿದೆ. ಇನ್ನೊಬ್ಬನು ಬೆವರಲೆಂದೇ ಬಂದಿದ್ದಾನೆ. ಒಂದೇ ಯಂತ್ರದ ಮೇಲೆ ಕುಳಿತ ಈ ಇಬ್ಬರೂ ಪರಸ್ಪರ ತಲೆಯಾಡಿಸಿದ್ದನ್ನು ಕೂಡ ನಾನು ಕಂಡದ್ದು ಅಪೂರ್ವ.

ನಾನು ಎರಡು ಗುಂಪಿಗೂ ತಕ್ಕಮಟ್ಟಿಗೆ ಸೇರಿದವನು. ಭಾನುವಾರ ಗೆಳೆಯರೊಡನೆ ಶ್ರೀರಂಗಪಟ್ಟಣದವರೆಗೆ ಹೋಗಿಬರುವ ಖುಷಿಯನ್ನು ಬಿಟ್ಟುಕೊಡಲಾರೆ. ಆದರೆ ವಾರದ ಆರು ದಿನ ಕುವೆಂಪುನಗರದಿಂದ ಕಾಲೇಜಿಗೆ ನಾಲ್ಕೂವರೆ ಕಿಲೋಮೀಟರ್ ದಾರಿ; ಮಡ್‌ಗಾರ್ಡು, ಕ್ಯಾರಿಯರು, ಬೆಲ್ಲು ಇರುವ ಸಾಧಾರಣ ಕಪ್ಪು ಸೈಕಲ್ಲು; ಕ್ಯಾರಿಯರಿನಲ್ಲಿ ಪುಸ್ತಕದ ಚೀಲ. ಇಪ್ಪತ್ತು ನಿಮಿಷದ ಹಾದಿ. ಅದೇ ಬಡಾವಣೆಯಿಂದ ಸ್ಕೂಟರಿನಲ್ಲಿ ಬರುವ ಮಿತ್ರರು ನನಗಿಂತ ಐದಾರು ನಿಮಿಷ ಮುಂಚೆ ತಲಪುತ್ತಾರೆ. ಕಾರಿನಲ್ಲಿ ಬರುವವರು, ನಿಲ್ಲಿಸಲು ಜಾಗ ಹುಡುಕಿ ಮುಗಿಸುವ ವೇಳೆಗೆ, ನನ್ನ ಹಾಜರಿ ಮುಗಿದಿರುತ್ತದೆ.

ದಾರಿಗಿಂತ ಹೆಚ್ಚಾಗಿ ನನ್ನನ್ನು ಸೋಜಿಗಪಡಿಸಿರುವುದು ಜನ ಕೇಳುವ ಪ್ರಶ್ನೆಗಳು. "ಏನ್ ಸಾರ್, ಗಾಡಿ ರಿಪೇರಿಗೆ ಬಿಟ್ಟಿದೀರಾ?" ಎಂಬುದು ಮೊದಲನೆಯದು. ಇಲ್ಲವೆಂದರೆ, ದನಿ ತಗ್ಗಿಸಿ, "ಡಾಕ್ಟ್ರು ಏನಾದ್ರೂ ಹೇಳಿದಾರಾ?" ಎಂಬುದು ಎರಡನೆಯದು. ಸಂಬಳ ಬರುವ, ನಡುವಯಸ್ಸಿನ ಗೃಹಸ್ಥನೊಬ್ಬ ಸೈಕಲ್ ತುಳಿಯುವುದಕ್ಕೆ ಸಮಾಜ ಒಪ್ಪುವ ಕಾರಣಗಳು ಇವೆರಡೇ: ಆಪತ್ತು ಅಥವಾ ಕಾಯಿಲೆ. ಒಂದು ಕಲ್ಯಾಣ ಮಂಟಪದ ಬಾಗಿಲಲ್ಲಿ ಕಾವಲುಗಾರ ನನ್ನನ್ನು ತಡೆದು, "ಸೈಕಲ್ಗೆ ಒಳಗಡೆ ಜಾಗ ಇಲ್ಲ ಯಜಮಾನ್ರೇ, ಆಚೆ ಮರಕ್ಕೆ ಒರಗಿಸಿ ಬನ್ನಿ" ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಸೈಕಲ್ಲೂ ಆಚೆಯ ಮರಕ್ಕೇ ಒರಗಿತ್ತು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ನಮ್ಮ ಕಾಲೇಜಿನಲ್ಲಿ ತಗಡಿನ ಮಾಡಿನ ಸೈಕಲ್ ಸ್ಟ್ಯಾಂಡು ಒಂದಿತ್ತು. ಈಗ ಆ ಮಾಡಿನ ಕೆಳಗೆ ಅಧ್ಯಾಪಕರ ಕಾರುಗಳು ನೆರಳು ಕಾಣುತ್ತವೆ. ಸೈಕಲ್ಲುಗಳು, ಇರುವ ಕೆಲವು, ಬಿಸಿಲಿನಲ್ಲಿ ಗೋಡೆಗೆ ಒರಗುತ್ತವೆ. ಇದಕ್ಕಾಗಿ ಯಾರೂ ಆಜ್ಞೆ ಹೊರಡಿಸಲಿಲ್ಲ. ಒಂದೊಂದೇ ಕಾರು ಬಂತು, ಒಂದೊಂದೇ ಸೈಕಲ್ಲು ಸರಿಯಿತು. ನಾಡಿನ ರಸ್ತೆಗಳಲ್ಲಿ ನಡೆದಿರುವುದೂ ಇಷ್ಟೆ.

ನಮ್ಮ ತಂದೆಯವರ ಕಾಲದಲ್ಲಿ ಇದು ಹೀಗಿರಲಿಲ್ಲ. ಗಡಿಯಾರ, ರೇಡಿಯೊಗಳ ಜೊತೆಗೆ ಸೈಕಲ್ಲನ್ನೂ ಅಳಿಯನಿಗೆ ಕೊಡುತ್ತಿದ್ದ ಕಾಲವದು. ಪುರಸಭೆ ಸೈಕಲ್ಲಿಗೆ ಕಂದಾಯ ಹಾಕಿ ಲೋಹದ ಬಿಲ್ಲೆ ಕೊಡುತ್ತಿತ್ತು. ರಾತ್ರಿ ದೀಪವಿಲ್ಲದೆ ಹೋದರೆ, ಇಬ್ಬರು ಕುಳಿತು ಹೋದರೆ, ಪೋಲೀಸರು ಹಿಡಿಯುತ್ತಿದ್ದರು. ಅದು ಕಿರುಕುಳವಾಗಿದ್ದಿರಬಹುದು. ಆದರೆ ದಂಡ ಹಾಕುವಷ್ಟು ಮಟ್ಟಿಗಾದರೂ ಸರಕಾರ ಸೈಕಲ್ಲನ್ನು ವಾಹನವೆಂದು ಎಣಿಸುತ್ತಿತ್ತು. ಇಂದು ಬಿಲ್ಲೆಯೂ ಇಲ್ಲ, ಲೆಕ್ಕವೂ ಇಲ್ಲ. ಕನ್ನಡದಲ್ಲಿ ಕಾರನ್ನು 'ಓಡಿಸುತ್ತೇವೆ', ಸೈಕಲ್ಲನ್ನು ಮಾತ್ರ 'ತುಳಿಯುತ್ತೇವೆ'. ತುಳಿಯುವವನೇ ಹೀಗೆ ತುಳಿತಕ್ಕೆ ಸಿಕ್ಕಿದ್ದು ಭಾಷೆಯ ಚಮತ್ಕಾರವೆಂದು ನಕ್ಕು ಬಿಡುವಂಥದಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕವರು ಸೈಕಲ್ ಸವಾರರು. ಅವರಾರೂ ತಮ್ಮ ವೇಗದಿಂದ ಇನ್ನೊಬ್ಬರ ಪ್ರಾಣಕ್ಕೆ ಎರವಾಗಬಲ್ಲವರಾಗಿರಲಿಲ್ಲ.

ಇಂಥವರನ್ನು ಕಾಪಾಡಲು ನಾವು ಕಂಡುಕೊಂಡಿರುವ ಸುಲಭೋಪಾಯವೆಂದರೆ ಅವರನ್ನೇ ದಾರಿಯಿಂದ ಹೊರಗಿಡುವುದು. ಕೋಲ್ಕತ್ತದಲ್ಲಿ 2013ರಲ್ಲಿ 174 ರಸ್ತೆಗಳಲ್ಲಿ ಸೈಕಲ್ಲನ್ನು ನಿಷೇಧಿಸಿದರು. ನಮ್ಮ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಮೋಟಾರ್ ಸೈಕಲ್, ಆಟೋ, ಟ್ರ್ಯಾಕ್ಟರುಗಳೊಂದಿಗೆ ಸೈಕಲ್ಲಿಗೂ ಪ್ರವೇಶವಿಲ್ಲ. ಅಷ್ಟು ವೇಗದ ದಾರಿಯಲ್ಲಿ ಸೈಕಲ್ಲು ಇರತಕ್ಕದ್ದಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಹೊರಗಿಟ್ಟವನಿಗೆ ಬೇರೆ ದಾರಿಯನ್ನು ಅಷ್ಟೇ ಶ್ರದ್ಧೆಯಿಂದ ಕಟ್ಟಿಕೊಡಬೇಕಷ್ಟೆ. ಪಕ್ಕದ ಸೇವಾ ರಸ್ತೆಯಲ್ಲಿ ಬಸ್ಸು, ಎತ್ತಿನ ಗಾಡಿ, ಎದುರಿನಿಂದ ಬರುವ ಸ್ಕೂಟರುಗಳ ನಡುವೆ ತುಳಿದು ನೋಡಿದವರಿಗೆ ಆ ಶ್ರದ್ಧೆ ಎಷ್ಟೆಂಬುದು ತಿಳಿಯುತ್ತದೆ.

ಸೈಕಲ್ಲಿಗಾಗಿ ಸರಕಾರ ಏನನ್ನೂ ಮಾಡಲಿಲ್ಲವೆನ್ನುವುದು ಅನ್ಯಾಯವಾದೀತು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ, ವಾಹನಗಳ ಬದಲು ಮನುಷ್ಯರ ಓಡಾಟವನ್ನು ಗಮನದಲ್ಲಿಟ್ಟು ರಸ್ತೆಯನ್ನು ಹಂಚಬೇಕೆಂದಿತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಪ್ಲಾಸ್ಟಿಕ್ ಕಂಬಗಳನ್ನು ನೆಟ್ಟು ಸೈಕಲ್ ಪಥ ಮಾಡಿದರು; ಕಂಬಗಳು ಮುರಿದವು, ಮೋಟಾರ್ ಸೈಕಲ್ಲುಗಳು ನುಗ್ಗಿದವು, ಮೆಟ್ರೊ ಕಾಮಗಾರಿ ಜಾಗವನ್ನು ಆಕ್ರಮಿಸಿತು. ನಮ್ಮ ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 450 ಸೈಕಲ್ಲುಗಳೊಡನೆ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ವ್ಯವಸ್ಥೆ ಮೊದಲಾದಾಗ ಊರೇ ಹೆಮ್ಮೆಪಟ್ಟಿತು. ನಾನೂ ಪಟ್ಟೆ. ಆದರೆ ಆ ಸೈಕಲ್ಲನ್ನು ಪಡೆದು ಬಲ್ಲಾಳ್ ವೃತ್ತದ ಕಡೆಗೋ ಝಾನ್ಸಿ ಲಕ್ಷ್ಮೀಬಾಯಿ ರಸ್ತೆಗೋ ಇಳಿದವನು ಮತ್ತೆ ಬಸ್ಸು ಕಾರುಗಳ ನಡುವೆ ಅಂಚು ಹಿಡಿದು ಸಾಗಬೇಕಾಯಿತು. ಸೈಕಲ್ಲು ಕೊಟ್ಟೆವು, ಹಾದಿ ಕೊಡಲಿಲ್ಲ. ಈಜಲು ಬಾರದವನಿಗೆ ಪಂಚೆ ಕೊಟ್ಟು ಹೊಳೆ ತೋರಿಸಿದ ಹಾಗೆ ಆಯಿತು.

ನಮ್ಮ ಬಿಸಿಲು, ನಮ್ಮ ಮಳೆ, ನಮ್ಮ ಏರುದಾರಿಗಳಿಗೆ ಸೈಕಲ್ಲು ಹೊಂದದೆಂದು ಹೇಳುವವರುಂಟು. ಎಪ್ಪತ್ತು ವರ್ಷಗಳ ಹಿಂದೆಯೂ ಇದೇ ಬಿಸಿಲು, ಇದೇ ಮಳೆ, ಇದೇ ಏರು ಇದ್ದವು. ಗುಮಾಸ್ತರು, ಮೇಷ್ಟ್ರುಗಳು, ಅಂಚೆಯವರು ಸೈಕಲ್ಲಿನಲ್ಲೇ ಇದ್ದರು. ಸೈಕಲ್ಲಿನ ನಾಡೆಂದು ಹೆಸರಾದ ನೆದರ್‌ಲೆಂಡ್ಸ್ ಕೂಡ ಹುಟ್ಟಿನಿಂದಲೇ ಹಾಗಿರಲಿಲ್ಲ. ಎರಡನೆಯ ಮಹಾಯುದ್ಧದ ಬಳಿಕ ಅಲ್ಲಿಯೂ ಕಾರು ರಸ್ತೆಯನ್ನು ನುಂಗಿತು. 1971ರಲ್ಲಿ ಅಲ್ಲಿ ರಸ್ತೆಯ ಮೇಲೆ ಸತ್ತವರು ಮೂರು ಸಾವಿರಕ್ಕೂ ಹೆಚ್ಚು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. 'ಮಕ್ಕಳ ಕೊಲೆಯನ್ನು ನಿಲ್ಲಿಸಿ' ಎಂದು ತಂದೆತಾಯಂದಿರು ಬೀದಿಗಿಳಿದರು. 1973ರ ತೈಲದ ಬಿಕ್ಕಟ್ಟು ಅವರ ಮಾತಿಗೆ ಬಲ ತಂದಿತು. ಅಲ್ಲಿಂದ ಮುಂದೆ ಹತ್ತಾರು ವರ್ಷಗಳ ಕಾಲ ಅಂಗುಲ ಅಂಗುಲವಾಗಿ ಅವರು ದಾರಿಯನ್ನು ಹಿಂದಕ್ಕೆ ಪಡೆದರು. ಇಂದು ಆ ದೇಶದ ಪ್ರಯಾಣಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಸೈಕಲ್ಲಿನ ಮೇಲೆ ನಡೆಯುತ್ತದೆ; ಅಲ್ಲಿಯ ಗಾಳಿ ಮಳೆ ನಮ್ಮದಕ್ಕಿಂತ ಕರುಣಾಳುವೇನಲ್ಲ.

ವಿದ್ಯುತ್ ವಾಹನ ಬಂದಿದೆ, ಇನ್ನು ಸೈಕಲ್ಲಿನ ಹಂಗೇಕೆ ಎಂದು ಕೇಳುವವರೂ ಉಂಟು. ಹೊಗೆಯ ಮಟ್ಟಿಗೆ ಅವರ ಮಾತು ನಿಜ. ಆದರೆ ವಿದ್ಯುತ್ ಕಾರು ಪೆಟ್ರೋಲು ಕಾರಿನಷ್ಟೇ ಜಾಗ ಹಿಡಿಯುತ್ತದೆ, ಅಷ್ಟೇ ಭಾರದಿಂದ ಗುದ್ದುತ್ತದೆ. ನಗರಗಳಲ್ಲಿ ಇಂದು ಗಾಳಿಯಷ್ಟೇ ಕೊರತೆಯಾಗಿರುವುದು ನೆಲ.

ಈ ಮಾತು ನನ್ನಂಥವನ ಸೌಕರ್ಯಕ್ಕಷ್ಟೇ ಸಂಬಂಧಿಸಿದ್ದಾಗಿದ್ದರೆ ಭಾನುವಾರದ ಈ ಪುಟವನ್ನು ವ್ಯರ್ಥ ಮಾಡುತ್ತಿರಲಿಲ್ಲ. ನನಗೆ ಬೇಸರವಾದ ದಿನ ಆಟೋ ಹತ್ತಬಲ್ಲೆ. ಹಾಗೆ ಹತ್ತಲಾಗದವರ ಮಾತು ಬೇರೆ. ಕರ್ನಾಟಕ ಸರಕಾರ 2006-07ರಲ್ಲಿ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಅನಂತರ ಗಂಡುಮಕ್ಕಳಿಗೂ ವಿಸ್ತರಿಸಿತು. ಕೋವಿಡ್ ಕಾಲದಲ್ಲಿ ಅದು ನಿಂತಿತು. ನನ್ನ ತರಗತಿಗಳಲ್ಲಿ ಓದಿದ ಹಳ್ಳಿಯ ಹೆಣ್ಣುಮಕ್ಕಳಲ್ಲಿ ಹಲವರು, ಹೈಸ್ಕೂಲನ್ನು ಮುಗಿಸಿದ್ದೇ ಆ ಸೈಕಲ್ಲಿನಿಂದ ಎಂದು ನನಗೆ ಹೇಳಿದ್ದಾರೆ. ಬಸ್ಸು ಬಾರದ ಊರಿನಿಂದ ಮೂರು ನಾಲ್ಕು ಮೈಲಿ ದೂರದ ಶಾಲೆಗೆ ಮಗಳನ್ನು ಕಳಿಸುವುದೋ ಬಿಡುವುದೋ ಎಂದು ತಂದೆ ತೂಗಿ ನೋಡುತ್ತಿದ್ದಾಗ, ತಕ್ಕಡಿಯ ಒಂದು ತಟ್ಟೆಯಲ್ಲಿ ಆ ಸೈಕಲ್ಲು ಕುಳಿತಿತ್ತು. ಅವಳ ಶಾಲೆಯ ಹಾದಿ ಈಗ ನಾಲ್ಕು ಪಥದ ರಸ್ತೆಯನ್ನು ದಾಟಬೇಕಾದರೆ, ದಾಟಲು ತಕ್ಕ ವ್ಯವಸ್ಥೆ ಇಲ್ಲದಿದ್ದರೆ, ತಟ್ಟೆ ಮತ್ತೆ ಇನ್ನೊಂದು ಕಡೆಗೆ ವಾಲುತ್ತದೆ. ಆಗ ಆ ಹುಡುಗಿ ಯಾವ ಅಪಘಾತದ ಪಟ್ಟಿಯಲ್ಲಿಯೂ ಸೇರುವುದಿಲ್ಲ. ಸುಮ್ಮನೆ ಮನೆಯಲ್ಲಿ ಉಳಿಯುತ್ತಾಳೆ.

ಮಾಡಬೇಕಾದ್ದೇನೂ ಅಸಾಧ್ಯವಾದುದಲ್ಲ. ಬಣ್ಣದ ಗೆರೆಗೆ ಬದಲು ಕಲ್ಲಿನ ಅಂಚಿನಿಂದ ಬೇರ್ಪಡಿಸಿದ ಒಂದು ಮಾರು ಅಗಲದ ಪಥ. ಶಾಲೆ, ಮಾರುಕಟ್ಟೆ, ಕಾರ್ಖಾನೆಗಳ ದಾರಿಯಲ್ಲಿ ಅದು ಮೊದಲು ಬರಲಿ. ಆ ಪಥದಲ್ಲಿ ಕಾರು ನಿಲ್ಲಿಸಿದವನಿಗೆ ದಂಡ ಬೀಳಲಿ. ಹೆದ್ದಾರಿಯ ನಕ್ಷೆಯೊಂದಿಗೇ ಸೈಕಲ್ಲು ದಾಟುವ ಜಾಗದ ನಕ್ಷೆಯೂ ಸಿದ್ಧವಾಗಲಿ. ಕಾಲೇಜು, ಕಛೇರಿಗಳು ಕಾರಿಗೆ ಕೊಟ್ಟ ನೆರಳಿನಲ್ಲಿ ಹತ್ತನೆಯ ಒಂದು ಪಾಲನ್ನು ಸೈಕಲ್ಲಿಗೆ ಬಿಡಲಿ. ಭಾನುವಾರ ಬೆಟ್ಟ ಹತ್ತುವ ಮಿತ್ರರಲ್ಲಿ ನನ್ನದೊಂದು ಪ್ರಾರ್ಥನೆ: ಅವರ ಮಾತು ಅಧಿಕಾರಿಗಳಿಗೆ ಕೇಳಿಸುತ್ತದೆ, ಗಾರೆ ಕೆಲಸದವನ ಮಾತು ಕೇಳಿಸುವುದಿಲ್ಲ. ಆದುದರಿಂದ ಪಥವನ್ನು ಕೇಳುವಾಗ ಬೆಟ್ಟದ ದಾರಿಗಿಂತ ಮೊದಲು ಅವನು ಬರುವ ದಾರಿಗಾಗಿ ಕೇಳಲಿ.

ತೆರಿಗೆ ಇಳಿಸುವುದು ಒಂದು ಸಹಿಯ ಕೆಲಸ, ಆಯಿತು, ಸಂತೋಷ. ದಾರಿ ಕೊಡಬೇಕಾದರೆ ಈಗಾಗಲೇ ಹಿಡಿದಿರುವವನಿಂದ ಒಂದು ಮಾರು ಬಿಡಿಸಿ ಕೊಡಬೇಕು. ಕಷ್ಟವಿರುವುದು ಅಲ್ಲಿ. ಆ ಒಂದು ಮಾರು ನೆಲವನ್ನು ಬಿಡಬೇಕಾದವರಲ್ಲಿ ಈ ಲೇಖನವನ್ನು ಓದುವವರು ಬಹುಮಂದಿ ಇರುವರೆಂಬುದನ್ನು ನಾನು ಬಲ್ಲೆ.